ಚೀಟಿಯ ಎರಡನೇ ಸಾಲು

ಹಳೆಯ ಹಾಡಿನ ಸಿನಿಮಾ ಬಾಡಿಗೆಗೆ ಕೇಳಲು ಬಂದವರು ಡಬ್ಬಿಯ ಮೇಲಿನ ನಾಯಕಿಯ ಮುಖ ಬಿಟ್ಟು ಡಬ್ಬಿಯ ಬೆನ್ನು ತಿರುಗಿಸಿ ನೋಡುತ್ತಿದ್ದ ಅಂಗಡಿ ಬೆಂಗಳೂರಿನಲ್ಲಿ ಒಂದೇ ಒಂದು ಇದ್ದಿರಬೇಕು. ಅದು ವಿಜಯನಗರದ ಮಾರುಕಟ್ಟೆ ಹಿಂದಿನ ಅಡ್ಡರಸ್ತೆಯಲ್ಲಿದ್ದ ಕಲ್ಮೇಶನ ವಿಡಿಯೋ ಲೈಬ್ರರಿ. ಇಸವಿ ಎರಡು ಸಾವಿರದ ಐದು. ಕ್ಯಾಸೆಟ್ಟಿನ ಕಾಲ ಮುಗಿದು ವೀಸಿಡಿ ಮೆರೆಯುತ್ತಿತ್ತು, ಡೀವಿಡಿ ಆಗಷ್ಟೇ ಮನೆಗಳಿಗೆ ಕಾಲಿಡುತ್ತಿತ್ತು. ಕಲ್ಮೇಶನ ಅಂಗಡಿಯ ಪ್ರತಿ ಡಬ್ಬಿಯ ಬೆನ್ನಿಗೂ ಗೋಂದು ಹಚ್ಚಿ ಅಂಟಿಸಿದ ಚೀಟಿ, ಚೀಟಿಯಲ್ಲಿ ಎರಡು ಸಾಲು. ಮೊದಲ ಸಾಲು ಚಿತ್ರಕ್ಕೆ, ಎರಡನೇ ಸಾಲು ಧ್ವನಿಗೆ. ಅಂಕ ಕೊಡುತ್ತಿದ್ದುದು ಆಣೆಯಲ್ಲಿ. ಹದಿನಾರಾಣೆ ಎಂದರೆ ಕುಂದಿಲ್ಲದ್ದು, ಎಂಟಾಣೆಗಿಂತ ಕೆಳಗಿದ್ದರೆ ಮುಟ್ಟದಿರುವುದೇ ಒಳ್ಳೆಯದು. ಕೆಳಗಿನ ಮೂಲೆಯಲ್ಲಿ ಒಂದು ನಂಬರು, ನಲವತ್ತೊಂದು.

ಅದು ಪಂಚಾಕ್ಷರಿಯವರ ನಂಬರು. ಅವರು ಬಿನ್ನಿಪೇಟೆ ಕಡೆಯ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಮೊದಲ ಹದಿನಾಲ್ಕು ವರ್ಷ ಮಗ್ಗದ ಶೆಡ್ಡಿನಲ್ಲಿ, ಆಮೇಲೆ ಪಕ್ಕದ ತಪಾಸಣೆ ಮೇಜಿನಲ್ಲಿ. ಕೆಳಗಿನಿಂದ ದೀಪ ಉರಿಯುವ ಇಳಿಜಾರು ಗಾಜಿನ ಮೇಲೆ ಬಟ್ಟೆಯ ತಾನು ಸರಿಯುತ್ತಾ ಹೋಗುತ್ತಿತ್ತು. ಹಾಸಿನಲ್ಲೋ ಹೊಕ್ಕಿನಲ್ಲೋ ಎಳೆ ತಪ್ಪಿದ ಕಡೆ ಅಂಚಿಗೆ ಕೆಂಪು ದಾರ ಕಟ್ಟಬೇಕು, ಚೀಟಿ ಬರೆಯಬೇಕು, ನಂಬರು ಹಾಕಬೇಕು. ನಂಬರು ಬಿದ್ದ ಮೇಲೆ ಆ ತಾನಿಗೆ ಹಾಕಿದವನೇ ಹೊಣೆ. ಈ ಹದಿನೇಳು ವರ್ಷದ ಅಭ್ಯಾಸ ಮಿಲ್ಲು ನಿಂತ ದಿನವೇ ನಿಲ್ಲುತ್ತದೆಯೇ? ಮನೆಯ ಟವೆಲ್ಲು, ಪರದೆ, ಹಾಸಿಗೆ ಎಲ್ಲದರಲ್ಲೂ ಅವರು ತಪ್ಪು ಹುಡುಕಿ ಮುಗಿಸಿದರು. ಹೆಂಡತಿ ಕಲ್ಯಾಣಮ್ಮ ಯಾರದೋ ಮದುವೆಗೆ ಹೊರಟು ನಿಂತರೆ ಸೆರಗು ಹಿಡಿದು, ಇಲ್ಲೊಂದು ಎಳೆ ಹೋಗಿದೆ ನೋಡು, ಅನ್ನುತ್ತಿದ್ದರು. ದಾವಣಗೆರೆಗೆ ಕೊಟ್ಟ ಮಗಳು ವಚನಾ ಅಮ್ಮನ ಗೋಳು ಕೇಳಲಾರದೆ ಅಪ್ಪನಿಗೊಂದು ಪ್ಲೇಯರ್ ತಂದುಕೊಟ್ಟಳು. ಅಲ್ಲಿಗೆ ಸೀರೆಗಳಿಗೆ ಬಿಡುಗಡೆಯಾಯಿತು.

ಪಂಚಾಕ್ಷರಿಯವರು ಮೊದಲು ಬಾಡಿಗೆಗೆ ತಂದದ್ದು ಹದಿನೆಂಟು ಹಾಡಿನ ಒಂದು ಪೌರಾಣಿಕ. ಆ ಕಾಲದ ಸಿನಿಮಾಗಳಲ್ಲಿ ರಾಜ ಸಿಟ್ಟು ಬಂದರೂ ಹಾಡುತ್ತಿದ್ದ, ರಾಣಿ ಹಸಿವಾದರೂ ಹಾಡುತ್ತಿದ್ದಳು. ಅವರಿಗೆ ಬೇಕಾದದ್ದೂ ಅದೇ. ಮರುದಿನ ಡಬ್ಬಿ ವಾಪಸು ಕೊಡುವಾಗ ಅದರೊಳಗೆ ಮಡಿಸಿಟ್ಟ ಒಂದು ಹಾಳೆ ಇತ್ತು. ಒಂಬತ್ತನೇ ನಿಮಿಷ, ರಾಜನ ಕಿರೀಟ ಕತ್ತರಿಸಿದೆ; ಮೂಲೆಯಲ್ಲಿದ್ದ ಯಾವುದೋ ಚಾನೆಲ್ಲಿನ ಗುರುತು ಮರೆಮಾಡಲು ಚಿತ್ರ ಹಿಗ್ಗಿಸಿದ್ದಾರೆ. ಇಪ್ಪತ್ಮೂರನೇ ನಿಮಿಷ, ಹೊಳೆಯ ನೀರು ಚೌಕ ಚೌಕವಾಗಿ ಒಡೆಯುತ್ತದೆ. ನಲವತ್ತರಿಂದ ಐವತ್ತು, ಮಳೆ ಬಂದ ಹಾಗೆ ಗೆರೆ. ಐದನೇ ಹಾಡಿನ ಒಂದು ಚರಣ ನುಂಗಿದ್ದಾರೆ. ಕಲ್ಮೇಶ ಓದಿ ಮೊದಲು ನಕ್ಕ. ಆಮೇಲೆ ಅವನೊಳಗಿನ ವ್ಯಾಪಾರಿ ಎಚ್ಚರವಾದ. ಒಂದೇ ಸಿನಿಮಾವನ್ನು ಮೂರು ಮೂರು ಕಂಪನಿಯವರು ಹೊರತರುತ್ತಿದ್ದರು, ಯಾವುದು ಕಾಳು ಯಾವುದು ಜೊಳ್ಳು ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಹೊಸ ಮಾಲು ಬಂದಾಗ ಮೊದಲು ನೀವೇ ನೋಡಿ ಚೀಟಿ ಬರೆದುಕೊಡಿ ಸಾರ್, ಬಾಡಿಗೆ ಬೇಡ, ಎಂದ.

ಹೀಗೆ ನಾಲ್ಕು ವರ್ಷ ನಡೆಯಿತು. ಪಂಚಾಕ್ಷರಿಯವರ ಕ್ರಮ ಎಂದರೆ ಕ್ರಮ. ಒಂದು ಸಿನಿಮಾ ಎರಡು ಸಲ. ಮೊದಲ ಸಲ ಟೀವಿಯ ಬಾಯಿ ಪೂರ್ತಿ ಮುಚ್ಚಿಸಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಚಿತ್ರ ನೋಡುವುದು. ಎರಡನೇ ಸಲ ಧ್ವನಿ ತುತ್ತತುದಿಗೆ ಏರಿಸಿ, ಮೈಯೆಲ್ಲ ಕಿವಿಯಾಗಿ ಕೇಳುವುದು. ಈ ಎರಡನೇ ಸಲ ಬಂತೆಂದರೆ ಮಹಡಿಯ ಮೇಲಿನ ಬಾಡಿಗೆಯವರು ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ ಹೊರಟುಬಿಡುತ್ತಿದ್ದರು. ಅಷ್ಟು ಜೋರಾಗಿ ಇಡುವುದನ್ನು ಎಲ್ಲರೂ ಅವರ ಶ್ರದ್ಧೆ ಎಂದುಕೊಂಡರು. ಅವರೂ ಹಾಗೇ ಅಂದುಕೊಂಡಿದ್ದರು. ಬರೆದ ಚೀಟಿಯ ನಕಲನ್ನು ಮನೆಯಲ್ಲೊಂದು ಉದ್ದ ಪುಸ್ತಕದಲ್ಲಿ ಇಳಿಸಿಡುತ್ತಿದ್ದರು. ರಾಜಾಜಿನಗರದಿಂದ, ಬಸವೇಶ್ವರನಗರದಿಂದ ಚೀಟಿಗಾಗಿಯೇ ಜನ ಬರತೊಡಗಿದರು. ತರಕಾರಿ ಕೊಳ್ಳುವಾಗ ಯಾರೋ ಇನ್ನೊಬ್ಬರಿಗೆ, ಇವರೇ ಕಣ್ರೀ ನಲವತ್ತೊಂದು, ಎಂದು ತೋರಿಸಿದ ದಿನ ಪಂಚಾಕ್ಷರಿಯವರು ಒಂದು ಕಿಲೋ ಬದಲು ಎರಡು ಕಿಲೋ ಬದನೆಕಾಯಿ ತಂದರು. ಮಿಲ್ಲು ಮುಚ್ಚಿದ ಮೇಲೆ ಅವರನ್ನು ನೆಟ್ಟಗೆ ನಿಲ್ಲಿಸಿದ್ದು ಆ ಚೀಟಿಯೇ. ಅದರ ಮಾತು ಸುಳ್ಳಾದರೆ ತಮ್ಮ ಹತ್ತಿರ ಬೇರೇನೂ ಉಳಿಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಐದರ ಶ್ರಾವಣದಲ್ಲಿ ಒಂದು ಶನಿವಾರ ಮಧ್ಯಾಹ್ನ ಅವರು ಅಂಗಡಿಯ ಸ್ಟೂಲಿನ ಮೇಲೆ ಕೂತು ಚೀಟಿಗಳಿಗೆ ಗೋಂದು ಹಚ್ಚುತ್ತಿದ್ದಾಗ ಬಸವರಾಜೇಶ್ವರಿ ಮೇಡಂ ಬಂದರು. ಸರ್ಕಾರಿ ಶಾಲೆಯಲ್ಲಿ ಸಂಗೀತದ ಟೀಚರಾಗಿ ನಿವೃತ್ತರಾದವರು, ಹೊಸಹಳ್ಳಿಯ ತಮ್ಮ ಮನೆಯಲ್ಲಿ ಹೆಂಗಸರಿಗೆ ಹಾಡು ಹೇಳಿಕೊಡುವವರು. ಅವರು ಗಲ್ಲಾದ ಮೇಲೆ ಇಟ್ಟದ್ದು ಹೊಸ ಡೀವಿಡಿ. ಧ್ವನಿ ಶುದ್ಧಗೊಳಿಸಲಾಗಿದೆ ಎಂದು ಡಬ್ಬಿಯ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಬೆನ್ನಿನ ಚೀಟಿಯಲ್ಲಿ ಚಿತ್ರ ಹನ್ನೊಂದಾಣೆ, ಧ್ವನಿ ಹದಿನೈದಾಣೆ, ನಲವತ್ತೊಂದು.

ಆ ಸಿನಿಮಾದಲ್ಲಿ ನಾಯಕಿ ಕೊಳದ ಮೆಟ್ಟಿಲ ಮೇಲೆ ಕೂತು ಹಾಡುವ ಒಂದು ಹಾಡಿದೆ. ಮೂರು ಚರಣ, ಮೂರನೆಯದರಲ್ಲಿ ಪ್ರಾಣವೇ ಇದೆ ಎಂದು ಬಲ್ಲವರು ಹೇಳುತ್ತಾರೆ. ಮೇಡಂ ಆ ಹಾಡನ್ನೇ ಕಲಿಸಬೇಕೆಂದು ಹದಿನೈದು ಹೆಂಗಸರನ್ನು ನೋಟ್‌ಬುಕ್ಕಿನೊಂದಿಗೆ ಕೂರಿಸಿಕೊಂಡು ಡಿಸ್ಕ್ ಹಾಕಿದ್ದರಂತೆ. ಎರಡು ಚರಣ ಸರಿಯಾಗಿಯೇ ಬಂತು. ಮೂರನೆಯದರಲ್ಲಿ ಹಾಡುವ ದನಿಯೇ ಮಾಯ. ಬುಸ್ ಎನ್ನುವ ಹಳೆಯ ಸದ್ದನ್ನು ಗುಡಿಸಿ ಹಾಕಲು ಹೋದ ಕಂಪನಿಯವರು ಜೊತೆಗೆ ಗಾಯಕಿಯನ್ನೂ ಗುಡಿಸಿದ್ದರು. ಮೃದಂಗದ ಗುಮ್ಮು ಮಾತ್ರ ಉಳಿದಿತ್ತು. ಇದನ್ನೆಲ್ಲ ಮೇಡಂ ಜಗಳಕ್ಕೆ ಬಂದವರ ಹಾಗೆ ಹೇಳಲಿಲ್ಲ. ಹದಿನೈದಾಣೆ ಹೇಗೆ ಬಂತು ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು.

ಪಂಚಾಕ್ಷರಿಯವರು ಒಪ್ಪಲಿಲ್ಲ. ಎರಡು ಸಲ ನೋಡಿದ್ದೇನೆ, ನಿಮ್ಮ ಪ್ಲೇಯರಿನದೇ ದೋಷ ಇರಬೇಕು ಎಂದರು. ಕಲ್ಮೇಶ ಅಂಗಡಿಯ ಟೀವಿಯಲ್ಲಿ ಡಿಸ್ಕ್ ಹಾಕಿ ಕೊಳದ ಹಾಡಿಗೆ ಓಡಿಸಿದ. ಎರಡು ಚರಣ ಮುಗಿದು ಮೂರನೆಯದು ಶುರುವಾಯಿತು. ಕ್ಯಾಮೆರಾ ನಾಯಕಿಯ ಮುಖಕ್ಕೆ ಹತ್ತಿರ ಬಂತು. ಪಂಚಾಕ್ಷರಿಯವರ ಮುಖ ಅರಳಿತು.

“ಬರ್ತಾ ಇದೆಯಲ್ಲ ಮೇಡಂ. ಎಷ್ಟು ಚೆನ್ನಾಗಿ ಬರ್ತಾ ಇದೆ.”

ಕಲ್ಮೇಶ ಮೇಡಂ ಕಡೆ ನೋಡಿದ. ಮೇಡಂ ಟೀವಿ ಬಿಟ್ಟು ಪಂಚಾಕ್ಷರಿಯವರನ್ನೇ ನೋಡುತ್ತಿದ್ದರು. ಏನು ಕೇಳಿಸಿತೋ ಅದನ್ನು ಹೇಳಿ ಎಂದರು. ಪಂಚಾಕ್ಷರಿಯವರು ಒಂದಕ್ಷರ ಬಿಡದೆ ಮೂರನೇ ಚರಣ ಪೂರ್ತಿ ಒಪ್ಪಿಸಿದರು, ನಾಯಕಿಯ ಜೊತೆಜೊತೆಗೇ. ಮೇಡಂ ಹಾಡನ್ನು ಹಿಂದಕ್ಕೆ ತಿರುಗಿಸಲು ಕಲ್ಮೇಶನಿಗೆ ಹೇಳಿದರು. ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದರು.

“ಸಾರ್, ಒಂದ್ಸಲ ಟೀವಿಗೆ ಬೆನ್ನು ಮಾಡಿ ನಿಂತ್ಕೊಳ್ತೀರಾ?”

ಅವರು ರಸ್ತೆಯ ಕಡೆ ತಿರುಗಿ ನಿಂತರು. ಎದುರಿಗೆ ಹೂವಿನವಳು, ಆಟೋ, ಬಿಸಿಲು. ಹಿಂದಿನಿಂದ ಮೃದಂಗ ಬಂತು, ಗುಮ್ ಗುಮ್ ಎಂದು. ಅದರ ಮೇಲೆ ಏನೂ ಬರಲಿಲ್ಲ. ತಿರುಗಿ ಟೀವಿ ನೋಡಿದರು, ಗಾಯಕಿ ಹಾಡುತ್ತಿದ್ದಳು. ರಸ್ತೆ ನೋಡಿದರು, ಗಾಯಕಿ ಇಲ್ಲ. ಹೀಗೆ ನಾಲ್ಕು ಸಲ ತಿರುಗಿದರು. ಬೇರೆ ಯಾರಾದರೂ ಎರಡನೇ ಸಲಕ್ಕೇ ಮುಖ ಮುಚ್ಚಿಕೊಂಡು ಮನೆಗೆ ಓಡುತ್ತಿದ್ದರೇನೋ. ಆದರೆ ತಪಾಸಣೆ ಮೇಜಿನ ಮನುಷ್ಯ, ದೋಷ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಅಳೆಯದೆ ಬಿಡುವ ಪೈಕಿಯಲ್ಲ. ನಾಲ್ಕನೇ ಸಲ ಕಲ್ಮೇಶನೇ ಟೀವಿ ಆರಿಸಿದ.

ಇದು ಹೇಗೆ ಆಯಿತು ಎಂದು ಆಶ್ಚರ್ಯಪಡುವವರು ಮಗ್ಗದ ಶೆಡ್ಡಿನೊಳಗೆ ಹೋಗಿರುವುದಿಲ್ಲ. ಅಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯ ಪಕ್ಕ ನಿಂತು ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿನವರು ಕೂಗುವುದೇ ಇಲ್ಲ, ತುಟಿ ಮಾತ್ರ ಆಡಿಸುತ್ತಾರೆ. ಊಟಕ್ಕೇನು, ಮಗಳಿಗೆ ಗಂಡು ಒಪ್ಪಿಗೆಯಾಯಿತೇ, ನಿನ್ನೆಯ ಸಿನಿಮಾ ಹೇಗಿತ್ತು, ಎಲ್ಲವೂ ತುಟಿಯಲ್ಲೇ. ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಮೇಸ್ತ್ರಿಯನ್ನೇ ಬೈಯುತ್ತಿದ್ದರು, ಎದುರಿಗಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ವರ್ಷಗಟ್ಟಲೆ ಹೀಗೆ ಆಡಿದ ಮೇಲೆ ಕಣ್ಣಿನಿಂದ ಬಂದ ಮಾತು ಯಾವುದು, ಕಿವಿಯಿಂದ ಬಂದದ್ದು ಯಾವುದು ಎಂಬ ಗಡಿ ಅಳಿಸಿಹೋಗುತ್ತದೆ. ಪಂಚಾಕ್ಷರಿಯವರ ಕಿವಿ ಒಂದೇ ದಿನ ಕೈಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಅದು ಕಂತು ಕಂತಾಗಿ ಹೊರಟುಹೋಗಿತ್ತು, ಹೋದಷ್ಟನ್ನು ಕಣ್ಣು ಸದ್ದಿಲ್ಲದೆ ತುಂಬಿಸಿಕೊಡುತ್ತಿತ್ತು.

ಅವರು ಮನೆಗೆ ನೇರವಾಗಿ ಹೋಗಲಿಲ್ಲ. ನಾಚಿಕೆ ಇತ್ತು. ಅದರ ಜೊತೆಗೆ ಒಂದು ಕುತೂಹಲವೂ ಎದ್ದಿತ್ತು. ಹದಿನೇಳು ವರ್ಷ ಬಟ್ಟೆ ನೋಡಿದ ಮನುಷ್ಯನಿಗೆ ಪರೀಕ್ಷೆ ಮಾಡಲು ತಾನೇ ಸಿಕ್ಕಿದ್ದ. ಪಾರ್ಕಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಬಸ್ಸು ಬಂತು. ಲಾರಿಯ ಹಾರನ್ ಬಂತು. ಯಾರೋ ಗಂಡಸು ಕೆಮ್ಮಿದ್ದು ಬಂತು. ಕಣ್ಣು ತೆರೆದರೆ ಎರಡು ಮಾರು ದೂರದಲ್ಲಿ ನಾಲ್ಕು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಾ ಕಿರುಚುತ್ತಿದ್ದರು, ಒಬ್ಬಳ ಕಾಲಲ್ಲಿ ಗೆಜ್ಜೆ. ಮತ್ತೆ ಕಣ್ಣು ಮುಚ್ಚಿದರೆ ಹುಡುಗಿಯರೂ ಇಲ್ಲ, ಗೆಜ್ಜೆಯೂ ಇಲ್ಲ. ದಪ್ಪ ಸದ್ದು ಬರುತ್ತದೆ, ಸಣ್ಣ ಸದ್ದು ಬರುವುದಿಲ್ಲ ಎಂದು ಅವರು ಮನಸ್ಸಿನಲ್ಲಿ ಬರೆದುಕೊಂಡರು. ಗುಬ್ಬಚ್ಚಿಗಳು ಕಡಿಮೆಯಾದವೆಂದು ಪೇಪರಿನಲ್ಲಿ ಓದಿದ್ದಾಗ, ಹೌದು, ನಾನೂ ಗಮನಿಸಿದ್ದೇನೆ, ಎಂದು ಕಲ್ಯಾಣಮ್ಮನಿಗೆ ದೊಡ್ಡದಾಗಿ ಹೇಳಿದ್ದು ನೆನಪಾಗಿ ಅವರಿಗೆ ನಗು ಬಂತು.

ಮನೆಯಲ್ಲಿ ಹೆಂಡತಿಗೆ ಏನೂ ಹೇಳದೆ ನಕಲಿನ ಪುಸ್ತಕ ತೆಗೆದು ಕೂತರು. ನಾಲ್ಕು ವರ್ಷದ ಚೀಟಿಗಳು, ಒಟ್ಟು ನಾನೂರ ಹನ್ನೆರಡು. ಎರಡನೇ ಸಾಲನ್ನಷ್ಟೇ ಓದುತ್ತಾ ಹೋದರು. ಹದಿನಾಲ್ಕಾಣೆ, ಹದಿನೈದಾಣೆ, ಹದಿನಾಲ್ಕಾಣೆ. ಚಿತ್ರದ ವಿಷಯದಲ್ಲಿ ಅಷ್ಟು ಜಿಪುಣನಾದ ಮನುಷ್ಯ ಧ್ವನಿಗೆ ದಾನಶೂರನಾಗಿಬಿಟ್ಟಿದ್ದ. ನಡುನಡುವೆ ಮಾತ್ರ ಎಲ್ಲೋ ಆರಾಣೆ, ಐದಾಣೆ. ಇವು ಯಾವ ಸಿನಿಮಾಗಳು ಎಂದು ಪಟ್ಟಿ ಮಾಡಿದರು. ಒಂದರಲ್ಲಿ ಅಂಬಿಗ ದೂರದ ದೋಣಿಯಲ್ಲಿ ಹಾಡುತ್ತಾನೆ. ಇನ್ನೊಂದರಲ್ಲಿ ಹಾಡೆಲ್ಲ ಹಿನ್ನೆಲೆಯಲ್ಲಿ, ತೆರೆಯ ಮೇಲೆ ಬರೀ ಮೋಡ. ಉಳಿದವುಗಳಿಗೆ ಏನು ಸಂಬಂಧ ಎಂದು ಬಹಳ ಹೊತ್ತು ಹೊಳೆಯಲಿಲ್ಲ. ಹೊಳೆದಾಗ ಪುಸ್ತಕ ತೊಡೆಯ ಮೇಲೆ ಬಿತ್ತು. ಅವೆಲ್ಲ ಋಷಿಗಳ ಸಿನಿಮಾಗಳು. ಋಷಿಗಳಿಗೆಲ್ಲ ತುಟಿ ಮುಚ್ಚುವಷ್ಟು ಗಡ್ಡ.

ಹನ್ನೊಂದು ಋಷಿಗಳ ಕಂಠಕ್ಕೆ ಗಡ್ಡದ ದೆಸೆಯಿಂದ ಅವರು ಐದಾಣೆ ಕೊಟ್ಟಿದ್ದರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಹುಡುಕಿದ ಎಂಬ ಗಾದೆ ಯಾರಿಗಾದರೂ ಇಷ್ಟು ಸರಿಯಾಗಿ ಹೊಂದಿದ್ದು ಬೇರೆ ಇಲ್ಲ. ಪಂಚಾಕ್ಷರಿಯವರು ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ನೀರು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಅವರು ಅಂಗಡಿಯಲ್ಲಿದ್ದರು. ಕಲ್ಮೇಶ ಎರಡು ದಿನ ಯೋಚಿಸಿ, ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಹುಡುಕಿಟ್ಟಿದ್ದ. ವಿಷಯ ಗೊತ್ತಿರುವುದು ಮೂವರಿಗೆ, ಮೇಡಂ ಊರೆಲ್ಲ ಹೇಳುವವರಲ್ಲ. ಇನ್ನು ಮುಂದೆ ಧ್ವನಿಯನ್ನು ತಾನು ಕೇಳಿ ಹೇಳುತ್ತೇನೆ, ಸಾರ್ ಬರೆದು ನಂಬರು ಹಾಕಿದರಾಯಿತು, ಹಳೆಯದನ್ನು ಕೆದಕುವುದು ಬೇಡ. ಅವನ ಮಾತಿನಲ್ಲಿ ವ್ಯಾಪಾರವೂ ಇತ್ತು, ಪ್ರೀತಿಯೂ ಇತ್ತು. ಪಂಚಾಕ್ಷರಿಯವರು ಅವನ ತುಟಿಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು.

“ಮಿಲ್ಲಲ್ಲಿ ಒಂದು ಕೆಟ್ಟ ತಾನು ಪಾಸಾಗಿದ್ದು ಗೊತ್ತಾದ್ರೆ ಆ ನಂಬರಿನೋನು ಅವತ್ತು ನೋಡಿದ ತಾನೆಲ್ಲ ಬಿಚ್ಚಿಸ್ತಾ ಇದ್ರು ಕಲ್ಮೇಶ. ನಂದು ನಾಲ್ಕು ವರ್ಷದ್ದು ಬಿಚ್ಚಬೇಕು.”

ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಮೊದಲನೇ ಕಪಾಟಿನಿಂದ ಶುರು ಮಾಡಿದರು. ಪ್ರತಿ ಡಬ್ಬಿಯನ್ನೂ ಕೆಳಗಿಳಿಸಿ, ಎರಡನೇ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಪರೀಕ್ಷಿಸಿಲ್ಲ ಎಂದು ಬರೆದು, ಮತ್ತೆ ನಲವತ್ತೊಂದು ಹಾಕುವುದು. ನಾಲ್ಕು ದಿನ ಹಿಡಿಯಿತು. ಬಂದ ಗಿರಾಕಿಗಳು ಇದೇನೆಂದು ಕೇಳುತ್ತಿದ್ದರು. ಕಲ್ಮೇಶ ಏನಾದರೂ ತೇಪೆ ಹಾಕುವ ಮೊದಲೇ ಪಂಚಾಕ್ಷರಿಯವರು, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಗೊತ್ತಿರಲಿಲ್ಲ, ಬರೆದದ್ದು ತಪ್ಪು ಎಂದು ಹೇಳಿಬಿಡುತ್ತಿದ್ದರು. ಮೊದಲ ಸಲ ಹೇಳುವಾಗ ನಾಲಿಗೆ ಒಣಗಿತು. ಇಪ್ಪತ್ತನೇ ಸಲಕ್ಕೆ ಸಲೀಸಾಗಿ ಬಂತು. ಕೆಲವರು ಅಯ್ಯೋ ಪಾಪ ಅಂದರು. ಒಬ್ಬ ಮಾತ್ರ, ಹಾಗಾದರೆ ನಾಲ್ಕು ವರ್ಷ ನಮ್ಮನ್ನು ಮಂಗ ಮಾಡಿದಿರಿ ಅನ್ನಿ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದ. ಅವನು ಬಾಗಿಲ ಕಡೆ ತಿರುಗಿದ ಮೇಲೆ ಇನ್ನೂ ಏನೇನು ಬೈದನೋ, ಅದು ಪಂಚಾಕ್ಷರಿಯವರಿಗೆ ತಲುಪಲಿಲ್ಲ.

ಸುದ್ದಿ ಅವರಿಗಿಂತ ಮೊದಲು ಮನೆ ಸೇರಬಹುದೆಂದು ಹೆದರಿ ಗುರುವಾರ ಊಟಕ್ಕೆ ಕೂತಾಗ ಕಲ್ಯಾಣಮ್ಮನಿಗೆ ಹೇಳಿದರು. ಅವರು ಎದುರಿಗೆ ಬಂದು ಕೂತರು. ಯಾವಾಗಲೂ ಹಾಗೇ, ಮಾತಾಡಬೇಕಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಗಂಡನ ಮುಖದ ಎದುರಿಗೇ ಬಂದು ಕೂರುವುದು. ಎಂಥ ಮರ್ಯಾದೆಯ ಹೆಂಗಸು ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಪಂಚಾಕ್ಷರಿಯವರಿಗೆ ಆ ಕ್ಷಣದಲ್ಲಿ ಅದರ ಅರ್ಥ ಹೊಳೆಯಿತು. ನಿನಗೆ ಗೊತ್ತಿತ್ತಾ ಎಂದು ಕೇಳಿದರು.

“ಗೊತ್ತಿತ್ತು ಕಣ್ರೀ. ಹೇಳಿದ್ರೆ ನೀವು ಚೀಟಿ ಬರೆಯೋದು ಬಿಟ್ಬಿಡ್ತಿದ್ರಿ. ಆಮೇಲೆ ಮನೇಲಿ ಏನ್ ಮಾಡ್ತಿದ್ರಿ?”

ಅವರಿಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಅನ್ನ ಕಲಸಿಕೊಂಡರು. ಎಷ್ಟು ವರ್ಷದಿಂದ ಎಂದರೆ, ತಾನು ಬಂದಾಗಿನಿಂದಲೂ ಸ್ವಲ್ಪ ಹಾಗೇ, ಈಗೀಗ ಜಾಸ್ತಿ ಎಂದು ಕಲ್ಯಾಣಮ್ಮ ಹೇಳಿದರು. ಮದುವೆಯಾಗುವ ಹೊತ್ತಿಗೇ ಅವರು ಶೆಡ್ಡಿನಲ್ಲಿ ಎಂಟು ವರ್ಷ ಕಳೆದಿದ್ದವರು. ಮುಂದಿನ ವಾರ ಕಿವಿಯ ಡಾಕ್ಟರ ಹತ್ತಿರ ಹೋಗುವುದೆಂದು ಅಲ್ಲೇ ಮಾತಾಯಿತು.

ಅಂದಿನಿಂದ ಅವರ ಪರೀಕ್ಷೆ ಮನೆಯೊಳಗೆ ಶುರುವಾಯಿತು. ಪುಸ್ತಕದ ಹೊಸ ಹಾಳೆಯಲ್ಲಿ ಬರೆದುಕೊಂಡರು. ಕುಕ್ಕರಿನ ಕೂಗು ಇಲ್ಲ. ಮಿಕ್ಸಿ ಇದೆ. ಬಾಗಿಲು ತಟ್ಟಿದ್ದು ಇದೆ, ಗಂಟೆ ಒತ್ತಿದ್ದು ಇಲ್ಲ. ಒಗ್ಗರಣೆಯ ಚಟಪಟ ಇಲ್ಲ. ಒಂದೊಂದು ಸಾಲಿಗೂ ಕಣ್ಣು ಮುಚ್ಚಿ ನಿಂತು, ಆಮೇಲೆ ತೆರೆದು, ತಾಳೆ ನೋಡುವರು. ಶನಿವಾರ ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದಿನ ಸರದಿ. ಕಲ್ಯಾಣಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದರು. ತಟ್ಟುವ ಸದ್ದು ಮೆಲ್ಲಗೆ ಬಂತು, ಅದನ್ನು ಇದೆ ಎಂದು ಬರೆದರು. ಕಣ್ಣು ತೆರೆದು ನೋಡುವಾಗ ಹೆಂಡತಿಯ ಕಿವಿಯ ಓಲೆ ಅಲ್ಲಾಡುತ್ತಿರುವುದು ಕಂಡಿತು. ಏನೋ ಅಗಿಯುತ್ತಿದ್ದಾಳೆ ಎಂದುಕೊಂಡರು. ಅಗಿಯುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದು ಸದ್ದಾಗದಂತೆ ಪಕ್ಕಕ್ಕೆ ಹೋಗಿ, ಕಿಟಕಿಯ ಹತ್ತಿರದಿಂದ ಬಗ್ಗಿ ಮುಖ ನೋಡಿದರು.

ಕಲ್ಯಾಣಮ್ಮ ಹಾಡುತ್ತಿದ್ದರು. ತುಟಿಯ ಮೇಲೆ ಒಂದೊಂದೇ ಮಾತು ಸ್ಪಷ್ಟವಾಗಿತ್ತು, ಕೊಳದ ಹಾಡಿನ ಮೂರನೇ ಚರಣ. ಗಂಡನನ್ನು ಕಂಡು ಅವರು ತಟ್ಟನೆ ನಿಲ್ಲಿಸಿದರು.

ದಿನಾ ಹಾಡುತ್ತೀಯಾ ಎಂದು ಕೇಳಿದರು. ದಿನಾ ಎಂದರು. ಎಂದಿನಿಂದ ಎಂದು ಕೇಳಿದರು. ಈ ಮನೆಗೆ ಬಂದಾಗಿನಿಂದ, ಅಂದರೆ ಇಪ್ಪತ್ತೆಂಟು ವರ್ಷದಿಂದ, ಬೆಳಿಗ್ಗೆ ಒಲೆ ಮುಂದೆ ನಿಂತರೆ ಹಾಡು ತಾನಾಗಿ ಬರುತ್ತದೆ ಎಂದರು. ರೊಟ್ಟಿಯನ್ನು ಹಂಚಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ಅಭ್ಯಾಸದಂತೆ ಗಂಡನ ಮುಖದ ಎದುರಿಗೆ ಬಂದು ನಿಂತರು.

“ಒಂದು ದಿನಾನೂ ಚೆನ್ನಾಗಿದೆ ಅಂತ ಹೇಳ್ಲಿಲ್ಲ ನೀವು. ಮಾತು ತಪ್ಪಿದ್ರೂ ಹಾಡು ಕೇಳುತ್ತೆ ಅನ್ಕೊಂಡಿದ್ದೆ. ಇಷ್ಟ ಇಲ್ಲ ಅಂದ್ಕೊಂಡು ಮೆಲ್ಲಗೆ ಹಾಡ್ಕೋತಾ ಇದ್ದೆ. ಅಕ್ಕಪಕ್ಕದೋರು ಹೇಳಿದ್ರೂ ನಂಗೆ ಸಮಾಧಾನ ಆಗ್ತಿರ್ಲಿಲ್ಲ.”

ಒಂದು ಹಾಡು ಕೆಟ್ಟಿದೆ ಎಂದು ಊರಿಗೆಲ್ಲ ಸಾರುತ್ತಿದ್ದ ಪಂಚಾಕ್ಷರಿಯವರು ಮನೆಯ ಹಾಡಿಗೆ ಒಂದು ಮಾತೂ ಬರೆದಿರಲಿಲ್ಲ. ಇನ್ನೊಮ್ಮೆ ಹಾಡು, ಹೀಗೇ ನನ್ನ ಕಡೆ ತಿರುಗಿ, ಎಂದು ಕೇಳಿಕೊಂಡರು. ಕಲ್ಯಾಣಮ್ಮ ನಾಚಿದರು. ಒಲೆಗೆ ಹಾಡುವುದೇ ಬೇರೆ, ಗಂಡನ ಮುಖಕ್ಕೆ ಹಾಡುವುದೇ ಬೇರೆ. ಕೊನೆಗೆ ನೆಲ ನೋಡುತ್ತಾ ಶುರು ಮಾಡಿದರು. ಪಂಚಾಕ್ಷರಿಯವರಿಗೆ ಹಾಡು ಕೇಳಿಸಿತು, ಮೃದಂಗ ಕೂಡ ಕೇಳಿಸಿತು. ಆಗ ಅವರಿಗೆ ಹೊಳೆಯಿತು. ತಾವು ಕೇಳುತ್ತಿದ್ದುದು ಸಿನಿಮಾದ ಗಾಯಕಿಯ ದನಿ. ಇಪ್ಪತ್ತರ ಹರೆಯದಲ್ಲಿ, ಮಗ್ಗದ ಶೆಡ್ಡಿಗೆ ಸೇರುವ ಮೊದಲು, ಥಿಯೇಟರಿನ ನೆಲದ ಸೀಟಿನಲ್ಲಿ ಕೇಳಿ ಒಳಗಿಟ್ಟುಕೊಂಡದ್ದು. ಹೆಂಡತಿಯ ತುಟಿಗೆ ಹೊಂದಿಸಲು ಹೆಂಡತಿಯದೇ ಒಂದು ದನಿ ಅವರ ನೆನಪಿನಲ್ಲಿ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ.

ಹೀಗಲ್ಲ, ತಿರುಗು ಎಂದು ಅವರನ್ನು ಮೊದಲಿನ ಹಾಗೆ ಒಲೆಯ ಕಡೆ ನಿಲ್ಲಿಸಿದರು. ತುಟಿ ಕಾಣದಂತೆ ಹಿಂದೆ ನಿಂತು, ಹೆಂಡತಿಯ ಬೆನ್ನಿನ ಮೇಲೆ ಅಂಗೈ ಇಟ್ಟರು. ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ ಎಂದು ಕಲ್ಯಾಣಮ್ಮ ಅಂದಿರಬೇಕು, ಇವರು ಕೈ ಚಾಚಿ ಒಲೆ ಆರಿಸಿದರು. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗೆ ಸಣ್ಣಗೆ ಏನೋ ಓಡಾಡಿತು. ಎತ್ತರಕ್ಕೆ ಹೋದಲ್ಲಿ ತೆಳ್ಳಗಾಯಿತು, ಕೆಳಗೆ ಬಂದಲ್ಲಿ ಗಟ್ಟಿಯಾಯಿತು. ಅವರು ಕಣ್ಣು ಮುಚ್ಚಿಕೊಂಡು ಒಂದೊಂದೇ ಸಾಲು ಲೆಕ್ಕ ಹಾಕಿದರು. ಮೂರನೇ ಸಾಲಿನ ನಡುವೆ, ಗಾಯಕಿ ಒಂದೇ ದಮ್ಮಿಗೆ ದಾಟಿ ಹೋಗುವ ಜಾಗದಲ್ಲಿ, ಬೆನ್ನು ನಿಂತಿತು, ಒಂದು ಉಸಿರು ಎಳೆದುಕೊಂಡಿತು, ಮತ್ತೆ ಹೊರಟಿತು. ಆ ಉಸಿರು ಸಿನಿಮಾದಲ್ಲಿ ಇಲ್ಲ. ಯಾವ ಕಂಪನಿಯ ಯಾವ ಡಿಸ್ಕಿನಲ್ಲೂ ಇಲ್ಲ. ಅದು ಕಲ್ಯಾಣಮ್ಮನದು.

“ಚೆನ್ನಾಗಿದೆ,” ಎಂದರು ಪಂಚಾಕ್ಷರಿಯವರು.

ಅಂಗೈ ಕೆಳಗಿನ ಹಾಡು ನಿಂತಿತು. ಕಲ್ಯಾಣಮ್ಮ ಏನೋ ಹೇಳಿದರು, ಬೆನ್ನು ಎರಡು ಸಲ ಅದುರಿತು. ನಕ್ಕರೋ ಅತ್ತರೋ ಅಂಗೈಗೆ ತಿಳಿಯಲಿಲ್ಲ. ಅವರು ಮುಖ ನೋಡಲು ಮುಂದಕ್ಕೆ ಬಂದರು.